ಸಾವಕಾಶಿ

ಸ್ಟ್ರಾಬೆರಿ ಬೆಳೆದವರನ್ನೇ ಸ್ಟ್ರಾಬೆರಿಯ ಹತ್ತಿರ ಬಿಡದಂಥ ಕಾಲ ಬಂದರೆ ಏನಾದೀತು? ಮುಗಳಿಗುಡ್ಡದವರನ್ನು ಕೇಳಿ, ಹೇಳುತ್ತಾರೆ. ಅಲ್ಲಿ ಆ ಕಾಲ ಬಂದು ಹಳೆಯದೂ ಆಗಿತ್ತು.

ಬೆಳಗಾವಿಯ ಪಡುವಣಕ್ಕೆ, ಚಳಿಗಾಲದ ಮಂಜು ಹೊತ್ತೇರಿದರೂ ಏಳದ ಗುಡ್ಡದ ಊರು ಅದು. ಒಂದು ಕಾಲಕ್ಕೆ ಡಿಸೆಂಬರಿನಿಂದ ಮಾರ್ಚಿನವರೆಗೆ ಊರಿಗೆ ಊರೇ ಬೆರಳ ತುದಿ ಕೆಂಪು ಮಾಡಿಕೊಂಡು ಓಡಾಡುತ್ತಿತ್ತು. ಆಮೇಲೆ ಕರಿಬುಡ ಬಂತು. ಸ್ಟ್ರಾಬೆರಿ ಗಿಡದ ಎಲೆಗಳೆಲ್ಲ ಹೊರಡುವುದು ಬುಡದಲ್ಲಿರುವ ಹೆಬ್ಬೆರಳು ಗಾತ್ರದ ಒಂದು ಗಂಟಿನಿಂದ. ಈ ರೋಗದ ಶಿಲೀಂಧ್ರ ಅಲ್ಲಿಗೇ ಕೈ ಹಾಕುತ್ತಿತ್ತು. ಇಂದು ಹಸಿರಾಗಿದ್ದ ಗಿಡ ನಾಡಿದ್ದು ಬುಡ ಕಪ್ಪಾಗಿ ಮಲಗುತ್ತಿತ್ತು. ಔಷಧಿ ಹೊಡೆದರು, ಮಣ್ಣು ಸುಟ್ಟರು, ದೇವರಿಗೆ ಹರಕೆ ಹೊತ್ತರು. ಕರಿಬುಡ ಯಾವುದಕ್ಕೂ ಜಗ್ಗಲಿಲ್ಲ. ಮಣ್ಣಿನಲ್ಲಷ್ಟೇ ಇದ್ದಿದ್ದರೆ ಒಂದು ಮಾತು. ಅದರ ಬೀಜಕಣಗಳು ಜನರ ಉಗುರಿನ ಸಂದಿಯಲ್ಲಿ, ತಲೆಗೂದಲಲ್ಲಿ, ಸೀರೆಯ ಅಂಚಿನಲ್ಲಿ ವರ್ಷಗಟ್ಟಲೆ ಸಾಯದೆ ಕೂತಿರುತ್ತಿದ್ದವು. ಅಂದರೆ ಗುಡ್ಡದ ಮನುಷ್ಯ ಎಲ್ಲಿ ಹೋದರೆ ರೋಗವೂ ಅಲ್ಲಿಗೆ.

ಕೊನೆಗೆ ಉಳಿದ ನಾಲ್ಕು ಗಿಡಗಳನ್ನು ಬದುಕಿಸಲು ಗುಡ್ಡದ ಬುಡದಲ್ಲಿ ಗಾಜಿನ ತೋಟ ಎದ್ದಿತು. ಒಳಗಿನ ಗಾಳಿ ಹೊರಗೆ ನುಗ್ಗಬೇಕೇ ಹೊರತು ಹೊರಗಿನದು ಒಳಗೆ ಬರಬಾರದು, ಹಾಗೆ ಕಟ್ಟಿದ್ದು. ಒಳಗೆ ದುಡಿಯುವವರು ತಿಂಗಳುಗಟ್ಟಲೆ ಬಗೆಬಗೆಯ ನೀರಿನಲ್ಲಿ ಮಿಂದು, ತಲೆ ಬೋಳಿಸಿಕೊಂಡು ಹೋಗಬೇಕು. ಹೋದವರು ಅಲ್ಲೇ ಉಣ್ಣಬೇಕು, ಅಲ್ಲೇ ಮಲಗಬೇಕು. ಹೊರಗೆ ಬರಲು ಯಾವ ಅಡ್ಡಿಯೂ ಇಲ್ಲ, ಬಾಗಿಲು ದೂಡಿದರೆ ಆಯಿತು. ಆದರೆ ಬಂದವರು ಮತ್ತೆ ಒಳಗೆ ಹೋಗುವಂತಿಲ್ಲ.

ಭರಮಪ್ಪ ಒಳಗೆ ಹೋದದ್ದು ಒಂದು ವರ್ಷಕ್ಕೆಂದು. ಮೂರಾಗಿತ್ತು.

ಅವನನ್ನು ಯಾರೂ ಕಟ್ಟಿಹಾಕಿರಲಿಲ್ಲ ಎಂಬುದನ್ನು ಇಲ್ಲೇ ಹೇಳಿಬಿಡಬೇಕು. ಅವನ ಸ್ವಭಾವ ಹಾಗೆ. ಮನೆಯ ಹೊಲದಲ್ಲಿ ಸಾಲು ಗೇಣು ಸೊಟ್ಟಗಾದರೆ ಅಷ್ಟನ್ನೂ ಕಿತ್ತು ಮತ್ತೆ ನೆಡುತ್ತಿದ್ದ ಆಸಾಮಿ. ಕರಿಬುಡವನ್ನು ತಡೆಯುವ ತಳಿ ಕಟ್ಟುವ ಕೆಲಸಕ್ಕೆ ಇಂಥವನೇ ಬೇಕೆಂದು ಗಾಜಿನ ತೋಟದ ಮುಖ್ಯಸ್ಥೆ ವಿಭಾವರಿ ಕಟಗೇರಿ ಕರೆದಿದ್ದಳು. ಮೊದಲ ವರ್ಷ ಗಿಡ ಬದುಕಿತು, ಹಣ್ಣು ಬಿಡಲಿಲ್ಲ. ಎರಡನೆಯ ವರ್ಷ ಬಿಟ್ಟ ಹಣ್ಣು ಗಜ್ಜುಗದಷ್ಟು ಗಟ್ಟಿ. ಪ್ರತಿಸಲವೂ ಅವನು ಹೆಂಡತಿಗೆ ಹೇಳಿದ್ದು ಒಂದೇ ಮಾತು: "ಇದೊಂದ ಸಲ ತಡಿ. ಸರಿ ಮಾಡಿ ಬಂದಬಿಡ್ತೇನಿ."

ಹೆಂಡತಿಯ ಹೆಸರು ದ್ರಾಕ್ಷಾಯಣಿ. ಭಾನುವಾರಕ್ಕೊಮ್ಮೆ ಗುಡ್ಡ ಇಳಿದು ಬರುತ್ತಿದ್ದಳು. ಭೇಟಿಯ ಕೋಣೆಯಲ್ಲಿ ಗಾಜಿನ ಈಚೆಗೆ ಅವಳು, ಆಚೆಗೆ ಅವನು. ನಡುವೆ ಒಂದು ಸ್ಪೀಕರು. ಅದರಲ್ಲಿ ಅವನ ದನಿ ಬಸ್‌ಸ್ಟ್ಯಾಂಡಿನ ಪ್ರಕಟಣೆಯ ಹಾಗೆ ಕೇಳುತ್ತಿತ್ತು. ಎಮ್ಮೆ ಕರು ಹಾಕಿದ್ದು, ಮಾಳಿಗೆ ಸೋರಿದ್ದು, ಸಾರಿಗೆ ಉಪ್ಪು ಹೆಚ್ಚಾಗಿದ್ದು, ಎಲ್ಲವನ್ನೂ ಅವಳು ಹೇಳುತ್ತಿದ್ದಳು. ಒಂದನ್ನೂ ಬಚ್ಚಿಟ್ಟವಳಲ್ಲ. ಅವನು ಗಾಜಿಗೆ ಅಂಗೈ ಒತ್ತಿದರೆ ಇವಳೂ ಒತ್ತುತ್ತಿದ್ದಳು. ಗಾಜು ಮಾತ್ರ ಕೈಗೆ ತಣ್ಣಗೆ ತಾಗುತ್ತಿತ್ತು. ಅವಳಿಗೆ ಗಂಡ ಬೇಕಾಗಿತ್ತು. ಭಾನುವಾರದ ಗಂಡನಲ್ಲ, ರಾತ್ರಿ ತಣ್ಣನೆಯ ಕಾಲನ್ನು ತನ್ನ ಕಾಲಿಗೆ ತಾಗಿಸಿ ಬೈಸಿಕೊಳ್ಳುವ ಗಂಡ ಬೇಕಾಗಿತ್ತು. ಇದನ್ನು ಸ್ಪೀಕರಿನಲ್ಲಿ ಹೇಗೆ ಹೇಳುವುದು?

*

ಮೂರನೆಯ ವರ್ಷ ಹುಟ್ಟಿದ ತಳಿಯ ಬಗ್ಗೆ ಸ್ವಲ್ಪ ಹೇಳಬೇಕು, ಬೇಸರಿಸಬೇಡಿ.

ಗಿಡಕ್ಕೆ ಇರುವುದು ಒಂದೇ ಗಂಟು ದುಡಿಮೆ. ಅದನ್ನು ಹಣ್ಣಿಗೆ ಹಾಕಬಹುದು, ಇಲ್ಲವೇ ಕಾವಲಿಗೆ ಹಾಕಬಹುದು. ಹಳೆಯ ತಳಿಗಳು ಮಂಜಿನ ದಿನಗಳಲ್ಲೇ ಇದ್ದದ್ದೆಲ್ಲವನ್ನೂ ಹಣ್ಣಿಗೆ ಸುರಿದು, ಬುಡವನ್ನು ಬಾಗಿಲಿಲ್ಲದ ಮನೆಯಂತೆ ಬಿಡುತ್ತಿದ್ದವು. ಕರಿಬುಡಕ್ಕೆ ಅಷ್ಟೇ ಸಾಕಿತ್ತು. ಹೊಸ ತಳಿಯ ಬುದ್ಧಿ ಬೇರೆ. ಮಣ್ಣಿನಲ್ಲಿ ರೋಗದ ಸುಳಿವಿರುವಷ್ಟು ದಿನ ಅದು ಹೂವಿನ ಯೋಚನೆಯನ್ನೇ ಮಾಡದೆ ಬುಡದ ಗಂಟಿನಲ್ಲಿ ಒಂದು ಕಹಿರಸ ತುಂಬಿಕೊಳ್ಳುತ್ತಾ ಕೂರುತ್ತಿತ್ತು. ಬಿಸಿಲು ಬಲಿತು, ರೋಗ ಮಂಕಾಗುವ ಏಪ್ರಿಲ್ ಕೊನೆಗೆ, ಉಳಿದವರ ಸುಗ್ಗಿ ಮುಗಿದ ಎಷ್ಟೋ ದಿನಗಳ ಮೇಲೆ, ಹೂ ಬಿಡುತ್ತಿತ್ತು.

ವಿಭಾವರಿ ಪ್ರತಿ ಗಿಡದ ಒಂದೊಂದು ಎಲೆಗೆ ಅಕ್ಕಿಕಾಳಿನಷ್ಟು ಚಿಕ್ಕದೊಂದು ಯಂತ್ರ ಅಂಟಿಸಿದ್ದಳು. ಎಲೆಗಿವಿ ಎಂದು ಅದರ ಹೆಸರು. ಗಿಡದೊಳಗೆ ಹರಿಯುವ ಸಣ್ಣ ವಿದ್ಯುತ್ತನ್ನು ಕೇಳಿಸಿಕೊಂಡು ಅದು ಗಾಜಿನ ಹೊರಗಿದ್ದ ನಿಯಂತ್ರಣ ಕೋಣೆಗೆ ಹೇಳುತ್ತಿತ್ತು. ಗಿಡ ಕಾವಲಿನಲ್ಲಿದ್ದರೆ ಪರದೆಯ ಮೇಲೆ ಕೆಂಪು ಚುಕ್ಕಿ, ಹೂವಿಗೆ ಮನಸ್ಸು ಮಾಡಿದರೆ ಹಸಿರು ಚುಕ್ಕಿ.

"ಗಾಜಿನೊಳಗ ಎಲ್ಲಾ ಛಂದ ಅದ," ಎಂದು ಅವಳು ದ್ರಾಕ್ಷಾಯಣಿಗೆ ಹೇಳಿದಳು. ಧಾರವಾಡದವಳು, ಮಾತು ಮೆತ್ತಗೆ. "ಆದರ ಗಾಜಿನೊಳಗ ಗೆದ್ದದ್ದು ಗೆಲುವಲ್ಲ ನೋಡ್ರಿ. ಹೊರಗಿನ ಕೆಟ್ಟ ಮಣ್ಣಿನಾಗ ಹಚ್ಚಿ ನೋಡಬೇಕು. ನಿಮ್ಮ ಹೊಲದಾಗ ಹಚ್ತೀರೇನು?"

"ನಮ್ಮ ಹೊಲದಷ್ಟ ಕೆಟ್ಟ ಮಣ್ಣು ಗುಡ್ಡದಾಗ ಎಲ್ಲೂ ಇಲ್ಲರೀ. ಹಣ್ಣ ಬಿಟ್ರ?"

"ಬಿಟ್ರ ಇಲ್ಲಿ ಕಾಯೋ ಕೆಲಸ ಮುಗೀತು. ಭರಮಪ್ಪ ಮನೀಗೆ ಬರ್ತಾರ. ಮಳಿ ಹಿಡಿಯೋದ್ರಾಗ ಬಿಡದಿದ್ರ..." ವಿಭಾವರಿ ಸಸಿಗಳ ಬುಟ್ಟಿಯನ್ನು ಅವಳ ಕಡೆ ಸರಿಸಿದಳು. "ಮೊದಲಿಂದ ಸುರು ಮಾಡಬೇಕಾಗ್ತದ. ಇನ್ನೂ ಮೂರು ವರ್ಷ. ಅವರಿಲ್ಲದ ಆಗೂದಿಲ್ಲ."

ದ್ರಾಕ್ಷಾಯಣಿ ಸಸಿಗಳ ಬುಟ್ಟಿಯನ್ನು ತಲೆಯ ಮೇಲಿಟ್ಟುಕೊಂಡು ಗುಡ್ಡ ಹತ್ತಿದಳು. ದಾರಿಯುದ್ದಕ್ಕೂ ಯಾರು ಮಾತಾಡಿಸಿದರೂ ನಿಲ್ಲಲಿಲ್ಲ.

*

ನವೆಂಬರಿನಲ್ಲಿ ನೆಟ್ಟಳು. ಜನವರಿಯ ಮಂಜಿಗೆ ಅಕ್ಕಪಕ್ಕದವರು ಆಸೆಗೆಂದು ಹೊರಗಿನಿಂದ ತಂದು ಹಾಕಿದ್ದ ಹಳೆಯ ತಳಿಯ ಗಿಡಗಳೆಲ್ಲ ಕಪ್ಪಾದವು. ಇವಳ ಮಡಿಯಲ್ಲಿ ಒಂದೇ ಒಂದು ಗಿಡ ಸಾಯಲಿಲ್ಲ. ಹಾಗೆಂದು ಒಂದೇ ಒಂದು ಮೊಗ್ಗೂ ಬರಲಿಲ್ಲ. ದಪ್ಪ ಎಲೆ ಬಿಟ್ಟುಕೊಂಡು ಕೂತಿದ್ದವು.

ಅತ್ತೆ ತಂಗೆವ್ವನಿಗೆ ಈ ಗಿಡಗಳನ್ನು ನೋಡಿದರೆ ನಗು. ಮಗ ಗಾಜಿನೊಳಗೆ ಹೋದಾಗಿನಿಂದ ಅವಳು ದುಃಖವನ್ನೆಲ್ಲ ತಮಾಷೆಯಲ್ಲೇ ತೀರಿಸಿಕೊಳ್ಳುತ್ತಿದ್ದಳು.

"ಎಲ್ಲಾರದೂ ಊಟ ಆಗಿ ಕೈ ತೊಳಕೊಂಡ್ರು, ಇದು ಇನ್ನs ಎಲಿ ಹಾಸಾಕತ್ತೈತಿ. ನನ್ನ ಮಗಾ ಮಾಡಿದ್ದಲ್ಲಾ, ಹಿಂಗs ಇರೂದು. ಅಂವಾ ಹುಟ್ಟುವಾಗೂ ಸೂಲಗಿತ್ತಿ ಎರಡ ಸಲಾ ಮನೀಗೆ ಹೋಗಿ ಬಂದಿದ್ಲು. ಸಾವಕಾಶಿ ಅನ್ರಿ ಇದಕ್ಕ."

ಹೆಸರು ಊರಿಗೆ ಹಿಡಿಸಿತು. ಪ್ರಯೋಗಾಲಯದಲ್ಲಿ ಅದಕ್ಕೊಂದು ಅಕ್ಷರ, ಒಂದು ಅಂಕಿ ಇತ್ತು, ಯಾರಿಗೆ ಬೇಕು? ಬೀದಿಯಲ್ಲಿ ಹೋಗುವವರು, "ಏನ್ ದ್ರಾಕ್ಷವ್ವ, ಸಾವಕಾಶಿ ಎದ್ದಾಳೇನು?" ಎಂದು ಕೇಳುವುದು, ಅವಳು, "ಮಕ್ಕೊಂಡಾಳ, ಗದ್ದಲಾ ಮಾಡಬ್ಯಾಡ್ರಿ," ಎನ್ನುವುದು ರೂಢಿಯಾಯಿತು. ಹೊರಗೆ ನಗುತ್ತಿದ್ದಳು. ಒಳಗೆ ಬೆಂಕಿ ಇಟ್ಟುಕೊಂಡು ಕೂತಿದ್ದಳು. ತಾಳಿದವರು ಬಾಳಿಯಾರು ಎಂದು ಗಾದೆ ಮಾಡಿದವರಿಗೇನು, ಅವರ ಗಂಡಂದಿರು ಮನೆಯಲ್ಲೇ ಇದ್ದಿರಬೇಕು.

ಏಪ್ರಿಲ್ ಕೊನೆಯ ಒಂದು ಬೆಳಿಗ್ಗೆ ಅವಳು ನೀರು ಹಾಯಿಸಲು ಹೋದರೆ ಮಡಿಯ ತುಂಬ ಬಿಳಿ ಹೂ.

ಆ ಸಂತೋಷವನ್ನು ಏನೆಂದು ಬರೆಯಲಿ! ಅವಳು ಮಡಿಯ ಬದುವಿನಲ್ಲಿ ಕುಕ್ಕರಿಸಿ ಕೂತಳು. ಭರಮಪ್ಪ ಮನೆಗೆ ಬರುತ್ತಾನೆ. ಅಟ್ಟದ ಮೇಲಿನ ದಪ್ಪ ಕೌದಿ ಒಗೆಯಬೇಕು. ಅವನಿಗೆ ಜೋಳದ ರೊಟ್ಟಿಯ ಜೊತೆ ಎಣ್ಣೆಗಾಯಿ ಇಷ್ಟ, ಒಳಗೆ ಏನು ತಿಂದನೋ ಏನೋ. ಕೂದಲು ಬೆಳೆಯಲು ಎಷ್ಟು ದಿನ ಬೇಕು? ಹೀಗೆ ಯೋಚಿಸುತ್ತಾ ಯೋಚಿಸುತ್ತಾ ಅವಳ ಕೈ ತನ್ನ ಕೆಲಸ ತಾನು ಮಾಡುತ್ತಿತ್ತು.

ಮುಗಳಿಗುಡ್ಡದಲ್ಲಿ ಹುಟ್ಟಿದ ಯಾವ ಹೆಂಗಸಿನ ಕೈಯೂ ಅದನ್ನೇ ಮಾಡುತ್ತಿತ್ತು. ಸ್ಟ್ರಾಬೆರಿಯ ಚೊಚ್ಚಲ ಹೂವನ್ನು ಬಿಡಬಾರದು, ಚಿವುಟಬೇಕು. ಎಳೆಯ ಗಿಡ ಮೊದಲ ಹೂವಿಗೇ ಹಣ್ಣು ಕಟ್ಟಲು ಹೋದರೆ ಸೊರಗುತ್ತದೆ. ಚಿವುಟಿದರೆ ಬುಡ ಬಲಿತು ಮುಂದೆ ನಾಲ್ಕು ಪಟ್ಟು ಬಿಡುತ್ತದೆ. ಅಜ್ಜಿ ಅಮ್ಮನಿಗೆ, ಅಮ್ಮ ಮಗಳಿಗೆ ಕಲಿಸಿದ ಮೊದಲ ಪಾಠ ಇದು. ಹಳೆಯ ತಳಿಗೆ ನೂರಕ್ಕೆ ನೂರು ಸರಿಯಾದ ಪಾಠ. ಸೂರ್ಯ ಮೇಲೆ ಬರುವ ಹೊತ್ತಿಗೆ ಮಡಿಯಲ್ಲಿ ಒಂದು ಹೂವೂ ಉಳಿದಿರಲಿಲ್ಲ. ದ್ರಾಕ್ಷಾಯಣಿ ಸೆರಗಿನ ತುಂಬ ಹೂ ಕಟ್ಟಿಕೊಂಡು ಹಾಡು ಗುನುಗುತ್ತಾ ಮನೆಗೆ ಬಂದಳು.

*

ನಿಯಂತ್ರಣ ಕೋಣೆಯಲ್ಲಿ ವಿಭಾವರಿಯ ಚಹಾ ಆರಿಹೋಯಿತು.

ಪರದೆಯ ಮೇಲೆ ಒಂದು ವಾರದಿಂದ ಒಂದೊಂದಾಗಿ ಹಸಿರಾಗುತ್ತಿದ್ದ ಗುಡ್ಡದ ಚುಕ್ಕಿಗಳು ಕಣ್ಣೆದುರಿಗೇ ಸಾಲುಸಾಲಾಗಿ ಕೆಂಪಾದವು. ಒಂದು ತುದಿಯಿಂದ ಇನ್ನೊಂದು ತುದಿಗೆ, ಯಾರೋ ಒರೆಸಿಕೊಂಡು ಹೋದ ಹಾಗೆ. ಗಿಡಗಳು ಗಾಯ ಗಾಯ ಎಂದು ಕೂಗುತ್ತಿದ್ದವು. ಇಷ್ಟು ಬೇಗ ಹರಡುವುದು ಒಂದೇ, ಕರಿಬುಡ. ತಳಿ ಸೋತಿತು ಎಂದುಕೊಂಡಳು. ಸ್ಪೀಕರಿನಲ್ಲಿ ಭರಮಪ್ಪನಿಗೆ ಹೇಳಿದಳು. ಅವನು ಸಾಲುಗಳ ನಡುವೆ ನಿಂತಲ್ಲೇ ಕೂತ.

ಭಾನುವಾರ ಬರುವವರೆಗೆ ಅವನು ಸರಿಯಾಗಿ ಉಣ್ಣಲಿಲ್ಲ. ಗಾಜಿನ ಎದುರು ಬಂದಾಗ ಹೆಂಡತಿ ನಗುತ್ತಾ ನಿಂತಿದ್ದಳು. ಅವನಿಗೆ ಏನೂ ತಿಳಿಯಲಿಲ್ಲ.

"ಬುಡ ಕಪ್ಪಾತೇನು?"

"ಯಾಕರೀ ಬಾಯಾಗ ಹಂತಾ ಮಾತು? ಹೂ ಬಂದಾವು, ಮಡಿ ತುಂಬ! ಚೊಚ್ಚಲ ಹೂ ಅಷ್ಟೂ ಚೂಟಿ ಬಂದೇನಿ. ಒಂದೂ ಬಿಟ್ಟಿಲ್ಲ."

ಭರಮಪ್ಪ ಗಾಜಿನಿಂದ ಅಂಗೈ ತೆಗೆದ. ಗಾಜಿನ ತೋಟದಲ್ಲಿ ಚಿವುಟುವ ಪದ್ಧತಿಯೇ ಇಲ್ಲ, ಅಲ್ಲಿ ಪ್ರತಿ ಹೂವನ್ನೂ ಯಂತ್ರ ಎಣಿಸುತ್ತದೆ. ವಿಭಾವರಿಗೆ ಈ ಪದ್ಧತಿ ಗೊತ್ತಿರಲಿಲ್ಲ. ಇವನಿಗೆ ಗೊತ್ತಿತ್ತು, ಆದರೆ ಮೂರು ವರ್ಷದಲ್ಲಿ ಗುಡ್ಡದ ಕೈಗಳು ಏನು ಮಾಡುತ್ತವೆಂಬುದೇ ಮರೆತುಹೋಗಿತ್ತು.

"ಛಲೋ ಮಾಡಿದಿ," ಎಂದ.

ಮಾತು ಸ್ಪೀಕರಿನಲ್ಲಿ ಬಂದರೂ ಅವಳಿಗೆ ಮುಖ ಕಾಣುತ್ತಿತ್ತಲ್ಲ. ಆಲಿಕಲ್ಲು ಬಿದ್ದು ಬೆಳೆ ಹೋದ ವರ್ಷ ಅವನು ಇದೇ ನಗು ನಕ್ಕಿದ್ದ.

"ಏನಾಗೈತಿ, ಖರೇ ಹೇಳ್ರಿ."

ಅವನು ಹೇಳಿದ. ಇದು ಹಳೆಯ ಗಿಡದಂತಲ್ಲ, ಗಾಯವಾದರೆ ರೋಗ ಬಂತೆಂದೇ ತಿಳಿಯುತ್ತದೆ. ಮತ್ತೆ ಬಾಗಿಲು ಹಾಕಿಕೊಂಡು ಕಹಿರಸ ತುಂಬುತ್ತಾ ಕೂರುತ್ತದೆ. ಮಳೆಗೆ ಮುಂಚೆ ಹೂ ಬರುವುದು ಸುಳ್ಳು. ದ್ರಾಕ್ಷಾಯಣಿ ತನ್ನ ಬೆರಳುಗಳನ್ನು ನೋಡಿಕೊಂಡಳು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎನ್ನುತ್ತಾರೆ. ಇಲ್ಲಿ ತುತ್ತನ್ನು ಚೆಲ್ಲಿದ್ದೇ ಆ ಕೈ.

"ನಾ ನಿನಗ ಹೇಳಬೇಕಾಗಿತ್ತು," ಎಂದು ಆಚೆಯಿಂದ ಅವನು ಒಂದೇ ಸಮ ಹೇಳುತ್ತಿದ್ದ. ಅವಳು ಸ್ಪೀಕರಿನ ಗುಂಡಿ ಆರಿಸಿದಳು. ಅಳುವುದು ಅವನಿಗೆ ಕೇಳಬಾರದಾಗಿತ್ತು.

*

ಮೇ ತಿಂಗಳಿಡೀ ಚುಕ್ಕಿಗಳು ಕೆಂಪಾಗಿಯೇ ಇದ್ದವು. ಒಳಗೆ ಉಳಿಯುವುದೋ ಬಿಡುವುದೋ ಹೇಳಿ ಎಂದು ವಿಭಾವರಿ ಕೇಳಿದಳು. ಅವಳದೂ ತಪ್ಪಿಲ್ಲ, ಹೊಸ ಸಸಿಗಳ ಕೆಲಸ ಮಳೆಗಾಲದಲ್ಲೇ ಶುರುವಾಗಬೇಕು. ಭರಮಪ್ಪ ಎರಡು ಭಾನುವಾರ ಏನೂ ಹೇಳದೆ ತಳ್ಳಿದ. ಮೂರನೆಯ ಭಾನುವಾರ ದ್ರಾಕ್ಷಾಯಣಿಯೇ ಹೇಳಿದಳು.

"ಉಳೀರಿ. ಕೆಡಿಸಿದಾಕಿ ನಾನು. ಊರ ಮಂದಿ ಎಲ್ಲಾ ನಿಮ್ಮ ಕೈ ನೋಡಾಕತ್ತಾರ. ನಾ ಬಾ ಅಂದು, ನೀವು ಬಂದು, ಒಳಗಿನ ಸಸಿ ಸತ್ರ ಮುಂದ ಯಾರ ಮಾರಿ ನೋಡೂದು?"

"ನೀ ಇರ್ತಿಯೇನು?"

"ಇದ್ದೇನಲ್ಲಾ."

ಅವನು ಇನ್ನೂ ಮೂರು ವರ್ಷ ಇರುವೆನೆಂದು ವಿಭಾವರಿಗೆ ಮಾತು ಕೊಟ್ಟ. ಜೂನಿನಲ್ಲಿ ಮಳೆ ಹಿಡಿಯಿತು. ಗುಡ್ಡ ಹತ್ತುವಾಗ ದ್ರಾಕ್ಷಾಯಣಿಗೆ ಮನೆಗೆ ಹೋಗಬೇಕೆನಿಸುತ್ತಿರಲಿಲ್ಲ, ಇಳಿಯುವಾಗ ಗಾಜಿನ ಹತ್ತಿರ ಹೋಗಬೇಕೆನಿಸುತ್ತಿರಲಿಲ್ಲ. ಆದರೂ ಗೋಣಿಯ ಕೊಪ್ಪೆ ಹಾಕಿಕೊಂಡು ದಿನಾ ಮಡಿಗೆ ಹೋಗಿ ಬಸಿಗಾಲುವೆ ಬಿಡಿಸುತ್ತಿದ್ದಳು. ಗಿಡಗಳ ಮೇಲೆ ಅವಳಿಗೆ ಸಿಟ್ಟಿರಲಿಲ್ಲ. ಅವೂ ಅವಳ ಹಾಗೆ ಕಾಯುತ್ತಿದ್ದವು.

ಜುಲೈನ ಒಂದು ಮಧ್ಯಾಹ್ನ ವಿಭಾವರಿ ಪರದೆ ಕೆಟ್ಟಿದೆ ಎಂದುಕೊಂಡಳು. ಗುಡ್ಡದ ಚುಕ್ಕಿಗಳು ಕೆಂಪೂ ಹೌದು, ಹಸಿರೂ ಹೌದು. ಒಂದು ಚುಕ್ಕಿ ಎರಡೂ ಆಗುವುದು ಶಾಸ್ತ್ರದಲ್ಲೇ ಇರಲಿಲ್ಲ. ಛತ್ರಿ ಹಿಡಿದು, ಜಾರುವ ದಾರಿಯಲ್ಲಿ ಎರಡು ಸಲ ಬಿದ್ದು, ಗುಡ್ಡ ಹತ್ತಿದಳು. ಧೋ ಎಂದು ಸುರಿಯುವ ಮಳೆಯಲ್ಲಿ, ರೋಗ ತುಂಬಿ ತುಳುಕುವ ಮಣ್ಣಿನಲ್ಲಿ, ಸಾವಕಾಶಿ ಹೂ ಬಿಟ್ಟಿತ್ತು. ಒಂದೆರಡು ಕಡೆ ಎಲೆಯ ಮರೆಯಲ್ಲಿ ಹಸಿರು ಕಾಯಿಯೂ ಇತ್ತು.

ಅರ್ಥವಾಗಲು ಅವಳಿಗೆ ಸ್ವಲ್ಪ ಹೊತ್ತು ಬೇಕಾಯಿತು. ಗಾಜಿನೊಳಗೆ ಯಾರೂ ಈ ಗಿಡವನ್ನು ಇಷ್ಟು ದಿನ ಕಾವಲಿನಲ್ಲಿ ಕೂರಿಸಿರಲಿಲ್ಲ. ಎರಡೆರಡು ಸಲ ಕಹಿರಸ ತುಂಬಿಕೊಂಡ ಗಂಟು ಈಗ ತುಂಬಿ ಮಿಗುತ್ತಿತ್ತು. ಇನ್ನು ಗಿಡ ಹಣ್ಣೋ ಕಾವಲೋ ಎಂದು ಆರಿಸಬೇಕಾಗಿರಲಿಲ್ಲ.

"ನೀವು ಚಿವುಟಿದ್ದಕ್ಕ ಆತು!" ಎಂದು ವಿಭಾವರಿ ಮಳೆಯಲ್ಲಿ ಕೂಗಿದಳು. ದ್ರಾಕ್ಷಾಯಣಿಗೆ ನಂಬಲು ಧೈರ್ಯ ಸಾಲಲಿಲ್ಲ. ಮನೆಯಲ್ಲಿದ್ದ ಪ್ಲಾಸ್ಟಿಕ್ ಹಾಳೆ, ಹರಿದ ಛತ್ರಿ, ಅತ್ತೆಯ ಹಳೆಯ ಮೊರ, ಎಲ್ಲವನ್ನೂ ತಂದು ಗಿಡಗಳ ಮೇಲೆ ಮರೆ ಕಟ್ಟಿದಳು.

ಹಣ್ಣಾದದ್ದು ಆಗಸ್ಟಿನಲ್ಲಿ. ಮೊದಲು ಕೆಂಪಾದವುಗಳಲ್ಲಿ ಒಂದನ್ನು ವಿಭಾವರಿ ಒಯ್ದಳು. ವಿಜ್ಞಾನಿಗಳು ಹಣ್ಣನ್ನು ತಿನ್ನುವುದಿಲ್ಲ, ಕತ್ತರಿಸುತ್ತಾರೆ. ಒಂದನ್ನು ದ್ರಾಕ್ಷಾಯಣಿ ಬಾಯಿಗೆ ಹಾಕಿಕೊಂಡಳು. ಬಹಳ ಹೊತ್ತು ಅಗಿದಳು.

"ಹೆಂಗೈತಿ?" ಎಂದು ತಂಗೆವ್ವ ಕೇಳಿದಳು.

"ಹಣ್ಣ ಐತಿ," ಎಂದಷ್ಟೇ ಹೇಳಿ, ಉಳಿದವನ್ನು ಸೆರಗಿನಲ್ಲಿ ಕಟ್ಟಿಕೊಂಡು ಗುಡ್ಡ ಇಳಿದಳು. ಅಂದು ಭಾನುವಾರವೂ ಆಗಿರಲಿಲ್ಲ.

*

ಗಾಜಿನಾಚೆ ಭರಮಪ್ಪ ಓಡಿಬಂದು ನಿಂತ. ಅವಳು ಒಂದು ಹಣ್ಣನ್ನು ಎತ್ತಿ ಗಾಜಿಗೆ ಹಿಡಿದಳು. ಹೊರಗಿನ ವಸ್ತು ಒಳಗೆ ಹೋಗುವಂತಿಲ್ಲ. ಅವನು ಮೂಗನ್ನು ಗಾಜಿಗೆ ಒತ್ತಿ ನೋಡಿದ. ಬಣ್ಣ ನೋಡಿದ, ಬೀಜ ನೋಡಿದ, ತೊಟ್ಟು ತಿರುಗಿಸು ಎಂದ. ಮೂರು ವರ್ಷದ ಅವನ ದುಡಿಮೆ ಅವಳ ಎರಡು ಬೆರಳ ನಡುವೆ ಇತ್ತು.

"ರುಚಿ ಹೆಂಗೈತಿ?"

ದ್ರಾಕ್ಷಾಯಣಿ ಹಣ್ಣನ್ನು ಗಾಜಿನಿಂದ ತೆಗೆದು ಸೆರಗಿನಲ್ಲಿ ಕಟ್ಟಿಕೊಂಡಳು.

"ತಿಂದಿಲ್ಲೇನು?"

"ತಿಂದೇನಿ."

"ಮತ್ತ ಹೇಳ. ಸಿಹಿ ಐತಿ? ವಾಸನಿ ಐತಿ? ಹೇಳಲ್ಲಾ!"

"ಹೇಳಂಗಿಲ್ಲ."

ಅವನು ನಕ್ಕ, ತಮಾಷೆ ಎಂದುಕೊಂಡ. ಅವಳು ನಗಲಿಲ್ಲ.

"ಎಮ್ಮಿ ಈದದ್ದು ಹೇಳೇನಿ, ಮಾಳಗಿ ಸೋರಿದ್ದು ಹೇಳೇನಿ. ಮೂರು ವರ್ಷ ಎಲ್ಲಾ ಇಲ್ಲೇ ನಿಂತು ಹೇಳೇನಿ. ನನ್ನ ಬಾಯಿಲೆ ಕೇಳಿ ಕೇಳಿ ನಿಮಗ ಹೊಟ್ಟಿ ತುಂಬತೈತಿ. ಇದನ್ನ ಮಾತ್ರ ಹೇಳಂಗಿಲ್ಲ. ಬೇಕಾದ್ರ ಹೊರಗ ಬಂದು ತಿಂದು ನೋಡ್ರಿ."

"ಮಾತು ಕೊಟ್ಟೇನಿ, ದ್ರಾಕ್ಷಾ. ಒಳಗ ಹೊಸ ಸಸಿ ಅದಾವು."

"ನನಗೂ ಕೊಟ್ಟಿದ್ರಿ. ಒಂದು ವರ್ಷ ಅಂದಿದ್ರಿ."

ನಿಯಂತ್ರಣ ಕೋಣೆಯಲ್ಲಿ ವಿಭಾವರಿಗೆ ಇಬ್ಬರ ಮಾತೂ ಕೇಳುತ್ತಿತ್ತು. ಬೆಳಿಗ್ಗೆ ಕತ್ತರಿಸಿದ ಹಣ್ಣಿನ ಅಂಕಿಗಳೆಲ್ಲ ಅವಳ ಮುಂದಿದ್ದವು. ಬುಡದಲ್ಲಿ ರೋಗವಿಲ್ಲ, ಹಣ್ಣಿನಲ್ಲಿ ಕೊಳೆಯಿಲ್ಲ. ಇನ್ನೊಂದು ಅಂಕಿಯನ್ನು ಭರಮಪ್ಪನಿಗೆ ಹೇಳಲೇಬೇಕಾಗಿತ್ತು. ಮೈಕಿನ ಗುಂಡಿಯ ಮೇಲೆ ಬೆರಳಿಟ್ಟಳು. ಪರದೆಯಲ್ಲಿ ಭರಮಪ್ಪ ಗಾಜಿನಿಂದ ಹಿಂದೆ ಸರಿದು, ಕೈಗವಸು ಕಳಚಿ, ಸಸಿಗಳ ಸಾಲಿನ ಮೇಲೆ ಇಟ್ಟು, ಬಾಗಿಲಿನ ಕಡೆ ನಡೆಯುತ್ತಿದ್ದ. ಅವಳು ಗುಂಡಿಯನ್ನು ಒತ್ತಲಿಲ್ಲ. ಗಾಳಿಯ ಒತ್ತಡ ಇಳಿದಿದೆ ಎಂದು ಗಂಟೆ ಬಡಿಯತೊಡಗಿದಾಗ ಅದನ್ನು ಆರಿಸಿದಳು.

ದ್ರಾಕ್ಷಾಯಣಿ ಕಟ್ಟಡ ಸುತ್ತಿ ಓಡಿದಳು. ಹೊರಬಾಗಿಲ ಮುಂದೆ ಮಳೆಯಲ್ಲಿ ಅವನು ಬರಿಗಾಲಲ್ಲಿ ನಿಂತಿದ್ದ. ಮೂರು ವರ್ಷ ಮೈಮೇಲೆ ಹನಿ ಬೀಳದವನು ಭುಜ ಕುಗ್ಗಿಸಿಕೊಂಡಿದ್ದ. ಗಾಜಿಲ್ಲದೆ ನೋಡಿದರೆ ಅವನು ನೆನಪಿಗಿಂತ ಕುಳ್ಳಗಿದ್ದ, ಕಣ್ಣಿನ ಕೆಳಗೆ ಗೆರೆಗಳಿದ್ದವು. ಇಬ್ಬರಿಗೂ ಏನು ಮಾಡಬೇಕೆಂದು ತಿಳಿಯಲಿಲ್ಲ. ಅವಳು ಸೆರಗು ಬಿಚ್ಚಿ ಒಂದು ಹಣ್ಣು ತೆಗೆದು ಅವನ ಕೈಗಿಟ್ಟಳು. ಅವನ ಅಂಗೈ ಬೆಚ್ಚಗಿತ್ತು.

ಭರಮಪ್ಪ ಹಣ್ಣನ್ನು ಬಾಯಿಗೆ ಹಾಕಿಕೊಂಡ. ಅಗಿದ. ಮುಖವೆಲ್ಲ ಮುದುಡಿತು, ಒಂದು ಕಣ್ಣು ಮುಚ್ಚಿಹೋಯಿತು.

"ಹುಳಿ ಐತಲ್ಲ!"

"ಹುಣಸಿಕಾಯಿ ಹಂಗ ಐತಿ. ಬಿಸಲ ಕಂಡಿಲ್ಲ, ಸಿಹಿ ಎಲ್ಲಿಂದ ಬರಬೇಕು?"

"ಮೊದಲs ಯಾಕ ಹೇಳಲಿಲ್ಲ?"

"ಹೇಳಿದ್ರ ಬರ್ತಿದ್ರೇನು?" ಎಂದಳು ದ್ರಾಕ್ಷಾಯಣಿ. "ಹುಳಿ ತಗದು, ಸರಿ ಮಾಡಿ, ಆಮ್ಯಾಲ ಬರ್ತೇನಿ ಅಂತಿದ್ರಿ. ನನಗ ಸಿಹಿ ಹಣ್ಣ ಬೇಕಾಗಿರಲಿಲ್ಲ."

ಮಳೆ ಇಬ್ಬರ ಮೇಲೂ ಸುರಿಯುತ್ತಿತ್ತು. ಭರಮಪ್ಪ ಬಾಯಲ್ಲಿದ್ದುದನ್ನು ಕಷ್ಟಪಟ್ಟು ನುಂಗಿ, ಕಣ್ಣೊರೆಸಿಕೊಂಡು, ಅವಳ ಮುಂದೆ ಮತ್ತೆ ಕೈ ಚಾಚಿದ.

"ಇನ್ನೊಂದ ಕೊಡ."